ನೀಲಗಿರಿ ಎಣ್ಣೆಯೂ ಎಳೆಯ ಶಿಶುವೂ

ಹೊಳಗುಂದದ ಸೋದರಿಯವರಿಗೆ,

ನೆಗಡಿಯಿಂದ ಮೂಗು ಕಟ್ಟಿದ ಹತ್ತು ತಿಂಗಳ ಕೂಸಿನ ಎದೆಗೂ ಮೂಗಿಗೂ ನೀಲಗಿರಿ ಎಣ್ಣೆಯನ್ನು ಸವರಬೇಕೆಂದು ನಿಮ್ಮ ಅತ್ತೆಯವರು ಹೇಳುವುದು ವಾತ್ಸಲ್ಯದಿಂದಲೇ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಸೀಸೆಯನ್ನು ಶಿಶುವಿನ ಸಮೀಪಕ್ಕೆ ತರಲಾಗದೆಂಬುದೇ ನನ್ನ ಖಚಿತವಾದ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ಬಂದು ಉದಕಮಂಡಲದ ಬೆಟ್ಟಗಳಲ್ಲಿ ನೆಲೆಯೂರಿದ ವೃಕ್ಷದ ಎಲೆಗಳಿಂದ ಭಟ್ಟಿಯಿಳಿಸಿದ ಈ ತೈಲದ ಪ್ರಧಾನಾಂಶ ಸಿನಿಯೋಲ್. ವಯಸ್ಕರಿಗೆ ಉಸಿರು ಸರಾಗವಾದಂತೆ ತೋರಿಸುವ ಆ ದ್ರವ್ಯವೇ ಎಳೆಯ ಶಿಶುವಿನ ಉಸಿರಾಟವನ್ನು ಕಟ್ಟಬಲ್ಲದು, ಕೆಲವೇ ಮಿಲಿಲೀಟರಿನಷ್ಟು ಹೊಟ್ಟೆಗೆ ಸೇರಿದರೂ ಸೆಳವನ್ನೂ ಪ್ರಜ್ಞಾಹೀನತೆಯನ್ನೂ ತರಬಲ್ಲದು. ಇದರ ಆಘ್ರಾಣಮಾತ್ರದಿಂದಲೇ ಸೆಳವು ಬಂದ ಪ್ರಸಂಗಗಳನ್ನು ಬೆಂಗಳೂರಿನ ನರರೋಗತಜ್ಞರು 2017ರಲ್ಲಿ ವರದಿಮಾಡಿರುವರು. ಆದಕಾರಣ ಮನೆಯಲ್ಲಿ ಮೂರ್ಛೆರೋಗದವರಿದ್ದರೆ ಅವರೂ ಈ ಎಣ್ಣೆಯಿಂದ ದೂರವಿರತಕ್ಕದ್ದು.

ಅತ್ತೆಯವರಿಗೆ ಮಂಡಿನೋವಿದ್ದರೆ, ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಈ ತೈಲದ ಎರಡು ಮೂರು ಹನಿ ಬೆರೆಸಿ ಹಚ್ಚಬಹುದು. ಕುಡಿಯಲಂತೂ ಸಲ್ಲದು, ಬೆಂಕಿ ಬೇಗನೆ ಹತ್ತುವುದರಿಂದ ದೀಪದ ಬಳಿಯಲ್ಲಿಯೂ ಇಡಬಾರದು.

ಕೂಸಿಗೆ ಔಷಧದಂಗಡಿಯ ಉಪ್ಪುನೀರಿನ ಮೂಗುಹನಿಯೂ ಪದೇ ಪದೇ ಎದೆಹಾಲೂ ಸಾಕು. ಪಕ್ಕೆ ಸೆಳೆಯುತ್ತಿದ್ದರೆ, ಇಲ್ಲವೇ ಹಾಲು ಕುಡಿಯುವುದನ್ನು ಬಿಟ್ಟರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಅಕಸ್ಮಾತ್ ಯಾವ ಮಗುವಾದರೂ ಎಣ್ಣೆಯನ್ನು ನುಂಗಿದರೆ ವಾಂತಿ ಮಾಡಿಸದಿರಿ. 108ಕ್ಕೆ ಕರೆಮಾಡಿ, ಸೀಸೆಯ ಸಹಿತ ಆದವಾನಿಯ ಸರ್ಕಾರಿ ಆಸ್ಪತ್ರೆಗೆ ಕೂಡಲೇ ತಲಪಿಸಿರಿ.