ಬೈಕ್ ಎಂಜಿನ್ನಿನ ಮೂರು ಚಕ್ರದ ಗಾಡಿ: ಉಳಿತಾಯವೋ, ಹೊಣೆಯೋ?

ಹಳೆಯ ಬೈಕಿನ ಹಿಂದೆ ಎರಡು ಚಕ್ರ ಹಾಗೂ ಸರಕಿನ ತೊಟ್ಟಿ ಬೆಸೆದು ಮಾಡಿದ ಗಾಡಿ ಸಣ್ಣ ವ್ಯಾಪಾರಸ್ಥರಿಗೆ ಅಗ್ಗವೆಂದು ತೋರುವುದು ಸಹಜ. ಎನ್‌ಫೀಲ್ಡ್ ಬೈಕಿನಿಂದ ರೂಪುಗೊಂಡ ಸೌರಾಷ್ಟ್ರದ ಛಕಡಾ ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಎಂಜಿನ್, ಕಬ್ಬಿಣ, ವೆಲ್ಡಿಂಗ್ ಕೂಲಿ ಇವಿಷ್ಟೇ ಅದರ ವೆಚ್ಚವಲ್ಲ.

1988ರ ಮೋಟಾರು ವಾಹನಗಳ ಕಾಯ್ದೆಯ 2(28)ನೇ ಕಲಂ ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸುವ ವಿಶೇಷ ಬಗೆಯ ವಾಹನವನ್ನೂ, ನಾಲ್ಕಕ್ಕಿಂತ ಕಡಿಮೆ ಚಕ್ರಗಳುಳ್ಳ 25 ಸಿ.ಸಿ. ಮೀರದ ವಾಹನವನ್ನೂ ಹೊರಗಿಟ್ಟಿದೆ. ಹೀಗಾಗಿ ಇಳಕಲ್ಲಿನ ಗ್ರಾನೈಟ್ ಘಟಕದ ಆವರಣದೊಳಗೇ ಕಲ್ಲು ಸಾಗಿಸುವ ಗಾಡಿಯ ಪ್ರಶ್ನೆ ಬೇರೆ, 100 ಸಿ.ಸಿ. ಎಂಜಿನ್ನಿನ ಅದೇ ಗಾಡಿ ಹುನಗುಂದದ ರಸ್ತೆಗಿಳಿದರೆ ಬೇರೆ. ಉತ್ತರ ಭಾರತದಲ್ಲಿ ಹೀಗೆಯೇ ಕಟ್ಟುವ ‘ಜುಗಾಡ್’ ಸಹ ಮೋಟಾರು ವಾಹನವೇ ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿದೆ.

ರಸ್ತೆಗಿಳಿಯುವ ವಾಹನಕ್ಕೆ 39ನೇ ಕಲಂ ಪ್ರಕಾರ ನೋಂದಣಿಯೂ, 146ನೇ ಕಲಂ ಪ್ರಕಾರ ಮೂರನೆಯವರ ವಿಮೆಯೂ ಕಡ್ಡಾಯ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಟನ್ನು 52ನೇ ಕಲಂ ನಿರ್ಬಂಧಿಸುತ್ತದೆ.

ವಿಮೆಯಿಲ್ಲದ ಗಾಡಿ ಒಂದು ಜೀವ ತೆಗೆದರೆ ನ್ಯಾಯಮಂಡಳಿ ವಿಧಿಸಿದ ಪರಿಹಾರವನ್ನು ಮಾಲೀಕರೇ ತೆರಬೇಕು. ಏಕಮಾಲೀಕತ್ವದ ವ್ಯವಹಾರದಲ್ಲಿ ಅಂಗಡಿಯ ಆಸ್ತಿಯಷ್ಟೇ ಅಲ್ಲ, ಮನೆಯೂ ಅದಕ್ಕೆ ಗುರಿಯಾದೀತು. ಕಾನೂನು ಉಲ್ಲಂಘನೆಗೆ ತೆತ್ತ ದಂಡವು ಆದಾಯ ತೆರಿಗೆಯಲ್ಲಿ ವ್ಯವಹಾರದ ವೆಚ್ಚವೆಂದು ಕಳೆಯಲು ಬಾರದು.

ಆದ್ದರಿಂದ ಬಾಗಲಕೋಟೆ, ಬಾದಾಮಿಗಳ ವ್ಯಾಪಾರಸ್ಥರು ತಿಂಗಳ ಖೇಪುಗಳನ್ನೆಣಿಸಿ, ಬಾಡಿಗೆ ಗೂಡ್ಸ್ ಆಟೋದ ವೆಚ್ಚವನ್ನು ಸ್ವಂತ ನೋಂದಾಯಿತ ವಾಹನದ ಕಂತು, ವಿಮೆ, ಇಂಧನಗಳೊಡನೆ ಹೋಲಿಸತಕ್ಕದ್ದು. ಲೆಕ್ಕಪುಸ್ತಕದಲ್ಲಿ ಕಾಣದ ಹೊಣೆಯೇ ಎಲ್ಲಕ್ಕಿಂತ ದುಬಾರಿ.