ಡೇಟಾ ಖಾಲಿಯಾದರೆ ಮಕ್ಕಳನ್ನು ಗದರುವ ಮುನ್ನ

'ದಿನವಿಡೀ ಮೊಬೈಲ್ ನೋಡ್ತೀಯ, ಅದಕ್ಕೇ ಡೇಟಾ ಖಾಲಿ' ಎಂದು ಮಕ್ಕಳನ್ನು ಗದರುವುದು ಈಗ ಮನೆಮನೆಯ ಮಾತು. ಆದರೆ ಡೇಟಾ ಕರಗುವುದು ಎಷ್ಟು ಹೊತ್ತು ನೋಡಿದರು ಎಂಬುದರಿಂದಷ್ಟೇ ಅಲ್ಲ, ಎಷ್ಟು ಸ್ಪಷ್ಟವಾದ ಚಿತ್ರ ನೋಡಿದರು ಎಂಬುದರಿಂದಲೂ. ನೆಟ್‌ಫ್ಲಿಕ್ಸ್ ಕೊಡುವ ಲೆಕ್ಕದಂತೆ ಗಂಟೆಗೆ ಸಾಧಾರಣ ಸ್ಪಷ್ಟತೆಯ ಎಸ್‌ಡಿಯಲ್ಲಿ 1 ಜಿಬಿ, ಎಚ್‌ಡಿಯಲ್ಲಿ 3 ಜಿಬಿ, 4ಕೆಯಲ್ಲಿ 7 ಜಿಬಿವರೆಗೆ ಬೇಕು. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ಇದ್ದರೆ ಎಚ್‌ಡಿಯಲ್ಲಿ ಅರ್ಧ ಗಂಟೆಗೇ ಮುಗಿದೀತು.

ಕೇಬಲ್ ಟಿವಿಗೂ ನೆಟ್ ವಿಡಿಯೊಗೂ ಏನು ವ್ಯತ್ಯಾಸ?

ಕೇಬಲ್ ಅಥವಾ ಡಿಶ್‌ನಲ್ಲಿ ಒಂದೇ ಸಿಗ್ನಲ್ ಊರಿಗೆಲ್ಲ ಹೋಗುತ್ತದೆ. ನೋಡುವವರು ಹತ್ತು ಮಂದಿಯಾದರೂ ಹತ್ತು ಲಕ್ಷವಾದರೂ ಹೊರೆ ಒಂದೇ. ನೆಟ್‌ನಲ್ಲಿ ಹಾಗಲ್ಲ. ಮಗ ಹಾಲ್‌ನಲ್ಲಿ, ಮಗಳು ಕೋಣೆಯಲ್ಲಿ ಒಂದೇ ಸಿನಿಮಾ ಹಾಕಿದರೂ ಎರಡು ಸಲ ಹರಿದುಬರಬೇಕು. ಊರೆಲ್ಲ ರಾತ್ರಿ ಊಟದ ಹೊತ್ತಿಗೆ ನೆಟ್‌ನಲ್ಲಿ ವಿಡಿಯೊ ಹಾಕಿ ಕೂತರೆ ಲೈನ್ ಮೇಲೆ ಒತ್ತಡ ಬೀಳುವುದು ಅದಕ್ಕೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ದೊಡ್ಡ ವಿಡಿಯೊ ಕಂಪನಿಗಳು ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಚ್‌ಡಿ ನಿಲ್ಲಿಸಿ, ಕೆಲವು ವಾರ ಎಸ್‌ಡಿ ಗುಣಮಟ್ಟದ 480ಪಿ ಮಾತ್ರ ಕೊಟ್ಟಿದ್ದವು.

ಈ ಹೊರೆ ಯಾರದು?

'ನಮ್ಮ ಲೈನ್ ಬಳಸಿ ದುಡಿಯುವ ವಿಡಿಯೊ ಕಂಪನಿಗಳೂ ಖರ್ಚು ಕೊಡಲಿ' ಎಂದು ನಮ್ಮ ಟೆಲಿಕಾಂ ಕಂಪನಿಗಳ ಸಂಘ ಕೇಳುತ್ತಲೇ ಇದೆ. 'ಡೇಟಾಕ್ಕೆ ಗ್ರಾಹಕರು ಆಗಲೇ ದುಡ್ಡು ಕೊಟ್ಟಿದ್ದಾರಲ್ಲ' ಎಂಬುದು ಎದುರಿನವರ ವಾದ. ಹೆಚ್ಚು ಜನ ನೋಡುವ ವಿಡಿಯೊಗಳ ಪ್ರತಿಯನ್ನು ನೆಟ್ ಕಂಪನಿಯೊಳಗೇ ಇಡುವ ಸರ್ವರ್‌ಗಳನ್ನು ನೆಟ್‌ಫ್ಲಿಕ್ಸ್‌ನಂಥವು ತಾವೇ ಕೊಡುವುದೂ ಉಂಟು. ಈ ಜಗಳ ಮಕ್ಕಳವರೆಗೂ ಬರುತ್ತದೆ: ಗೇಮ್ ಆಡುವವರು ಮೆಚ್ಚುವ ಲೈವ್ ವಿಡಿಯೊ ತಾಣ ಟ್ವಿಚ್ 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದಿಂದ ಹೊರನಡೆಯಿತು. ನೆಟ್‌ವರ್ಕ್ ಶುಲ್ಕ ತಾಳಲಾಗದಷ್ಟು ಹೆಚ್ಚೆಂದು ಅದು ಕಾರಣ ಕೊಟ್ಟಿತ್ತು.

ನೆಟ್ ನ್ಯೂಟ್ರಾಲಿಟಿ ನಮಗೇನು ಕೊಟ್ಟಿದೆ?

ವಿದ್ಯುತ್ ಕೊಡುವ ಬೆಸ್ಕಾಂ ಯುನಿಟ್ ಲೆಕ್ಕ ಹಾಕುತ್ತದೆ, ಮಿಕ್ಸಿ ಯಾವ ಕಂಪನಿಯದು ಎಂದು ಕೇಳುವುದಿಲ್ಲ. ನೆಟ್ ಕೊಡುವವರೂ ಹಾಗೇ ಇರಬೇಕು ಎಂಬುದೇ ಇದರ ಸಾರ. ಫೇಸ್‌ಬುಕ್ ಕೆಲವು ಜಾಲತಾಣಗಳನ್ನಷ್ಟೇ ಉಚಿತವಾಗಿ ಕೊಡಲು 'ಫ್ರೀ ಬೇಸಿಕ್ಸ್' ತಂದಾಗ ದೊಡ್ಡ ಚರ್ಚೆಯಾಗಿ, 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್, ಆ್ಯಪ್ ನೋಡಿ ಬೇರೆಬೇರೆ ದರ ಹಾಕುವುದನ್ನು ನಿಷೇಧಿಸಿತು. ಆ್ಯಪ್‌ಗಳ ನಡುವೆ ವೇಗದಲ್ಲಿ ಭೇದ ಮಾಡಬಾರದೆಂಬ ಟ್ರಾಯ್ ಶಿಫಾರಸನ್ನು ಕೇಂದ್ರ ಸರ್ಕಾರ 2018ರಲ್ಲಿ ಒಪ್ಪಿತು.

ಆದರೆ ಪ್ಯಾಕ್‌ನ ಮಿತಿ ಮುಗಿದ ಮೇಲೆ ಎಲ್ಲದರ ವೇಗವೂ ಇಳಿದರೆ ಅದು ಭೇದವಲ್ಲ, ಪ್ಲಾನ್‌ನ ಷರತ್ತು. ಪ್ಯಾಕ್ ಜೊತೆ ಒಟಿಟಿ ಚಂದಾ ಸಿಕ್ಕಿತೆಂದರೆ ಅದರ ಡೇಟಾವೂ ಉಚಿತ ಎಂದಲ್ಲ. ಇನ್ನು, ಪರೀಕ್ಷೆಯ ಹೊತ್ತಲ್ಲಿ ನೀವು ರೌಟರ್‌ನಲ್ಲಿ ಯೂಟ್ಯೂಬ್ ತಡೆದರೆ ಅದಕ್ಕೂ ಈ ನಿಯಮಕ್ಕೂ ಸಂಬಂಧವಿಲ್ಲ. ಅದು ನಿಮ್ಮ ಮನೆಯ ತೀರ್ಮಾನ.

ಮನೆಯಲ್ಲಿ ಏನು ಮಾಡಬಹುದು?

- ಮೊಬೈಲ್‌ನ ಪುಟ್ಟ ಪರದೆಗೆ 480ಪಿ ಸಾಕು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಸೇವರ್ ಆನ್ ಮಾಡಿ.
- ಒಂದು ಕಂತು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಆಫ್ ಮಾಡಿ. ಡೇಟಾ ಜೊತೆಗೆ ಮಗುವಿನ ನಿದ್ದೆಯೂ ಉಳಿಯುತ್ತದೆ.
- ಪ್ರಯಾಣಕ್ಕೆ ಬೇಕಾದ್ದನ್ನು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.
- ಪ್ಲಾನ್ ಕೊಳ್ಳುವಾಗ ಎರಡನ್ನೂ ಕೇಳಿ: ಎಂಬಿಪಿಎಸ್ ಎಂದರೆ ವೇಗ, ಜಿಬಿ ಎಂದರೆ ಪ್ರಮಾಣ. 4ಕೆಗೆ ಒಂದು ಟಿವಿಗೆ 15 ಎಂಬಿಪಿಎಸ್ ಸಾಕು ಎನ್ನುತ್ತದೆ ನೆಟ್‌ಫ್ಲಿಕ್ಸ್. ಆದ್ದರಿಂದ 'ಅನ್‌ಲಿಮಿಟೆಡ್' ಪ್ಲಾನ್‌ನ ವೇಗವನ್ನಲ್ಲ, ಎಷ್ಟು ಜಿಬಿ ದಾಟಿದರೆ ವೇಗ ಇಳಿಯುತ್ತದೆ ಎಂಬುದನ್ನು ಮೊದಲು ಓದಿ.

ವಿಡಿಯೊ ಸುತ್ತುತ್ತಾ ನಿಂತರೆ ರೌಟರ್ ಹತ್ತಿರ ಹೋಗಿ ನೋಡಿ. ಅಲ್ಲಿ ಸರಿಯಿದ್ದರೆ ತೊಂದರೆ ಗೋಡೆಗಳದ್ದು. ಎಲ್ಲ ಆ್ಯಪ್‌ಗಳೂ ನಿಧಾನವಾದರೆ ಲೈನ್ ಅಥವಾ ಪ್ಲಾನ್ ಕಡೆ ನೋಡಿ. ಒಂದೇ ಆ್ಯಪ್ ದಿನವೂ ಅದೇ ಹೊತ್ತಿಗೆ ತೊದಲಿದರೆ ಆ ಆ್ಯಪ್‌ನದೇ ದೋಷವೂ ಇರಬಹುದು. ನೆಟ್‌ನದೇ ತೊಂದರೆ ಅನಿಸಿದರೆ ಸಮಯ ಬರೆದಿಟ್ಟು, ವೇಗ ಪರೀಕ್ಷೆಯ ಸ್ಕ್ರೀನ್‌ಶಾಟ್ ಜೊತೆ ನೆಟ್ ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಈ ಪತ್ತೆ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ತಿಂಗಳ ಡೇಟಾ ಲೆಕ್ಕ ಆಮೇಲೆ ಅವರೇ ಇಡುತ್ತಾರೆ.