ಶ್ಮಿಟ್ ಅಂದ್ರೆ ಕಮ್ಮಾರ

ಈ ಸೆಮಿಸ್ಟರ್ ನಮ್ಮ ಕನ್ನಡ ಬಳಗದಲ್ಲಿ ಒಂದು ಚಿಕ್ಕ ಕೆಲಸ ಶುರು ಮಾಡಿದ್ವಿ. ಲ್ಯಾಬ್ ರೆಕಾರ್ಡ್‌ನಲ್ಲಿ, ಸಿಲಬಸ್‌ನಲ್ಲಿ ಬರುವ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದು ಒಂದು ಪಟ್ಟಿ ಮಾಡೋದು. ನನ್ನ ಪಾಲಿಗೆ ಬಂದಿದ್ದು ಜನರ ಹೆಸರು ಅಂಟಿಕೊಂಡಿರುವ ಪದಗಳು. ಅನಲಾಗ್ ಲ್ಯಾಬ್‌ನಿಂದ 'ಶ್ಮಿಟ್ ಟ್ರಿಗರ್' ಅಂತ ಬರೆದೆ. ಗಣಿತದಿಂದ 'ಗ್ರಾಂ-ಶ್ಮಿಟ್ ವಿಧಾನ'. ಸಿವಿಲ್‌ನವರು ಕೊಟ್ಟ ಪಟ್ಟಿಯಿಂದ 'ಶ್ಮಿಟ್ ಹ್ಯಾಮರ್'. ಕೆಮಿಕಲ್‌ನವರಿಂದ 'ಶ್ಮಿಟ್ ಸಂಖ್ಯೆ'. ಪುಟ ನೋಡಿದ್ರೆ ನಾಲ್ಕು ಸಲ ಅದೇ ಹೆಸರು!

ಇಂಗ್ಲಿಷ್ ಪುಸ್ತಕದಲ್ಲಿ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಯಾಕಂದ್ರೆ ಅಲ್ಲಿ ಸ್ಪೆಲಿಂಗ್ ಬೇರೆ ಬೇರೆ. ಟ್ರಿಗರ್‌ನ ಶ್ಮಿಟ್ ಕೊನೆಗೆ ಎರಡು 'ಟಿ'. ಉಳಿದ ಮೂವರಿಗೆ 'ಡಿ' ಮತ್ತು 'ಟಿ'. ನಾನು ಅವನ್ನು 'ಶ್ಮಿಡ್ಟ್' ಅಂತ ಕಷ್ಟಪಟ್ಟು ಓದುತ್ತಿದ್ದೆ. ಕನ್ನಡದಲ್ಲಿ ಉಚ್ಚಾರ ಹೇಗೋ ಬರಹ ಹಾಗೆ. ಹಾಗಾಗಿ ಎಲ್ಲರೂ ಒಂದೇ ಆಗಿಬಿಟ್ಟರು. ಇವರೆಲ್ಲ ಒಂದೇ ಮನೆತನದವರಾ? ಈ ಹೆಸರಿನ ಅರ್ಥ ಏನು? ಯಾಕೆ ಇಷ್ಟೊಂದು ಜನಕ್ಕೆ ಇದೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು, ಇವರೆಲ್ಲ ಯಾರು?

ಟ್ರಿಗರ್‌ನವರು ಆಟೊ ಶ್ಮಿಟ್, ಅಮೆರಿಕದವರು. 1934ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಈ ಸರ್ಕ್ಯೂಟ್ ಮಾಡಿದರು. ಸ್ಕ್ವಿಡ್ ಎಂಬ ಸಮುದ್ರಜೀವಿಯ ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆ ಅನ್ನೋ ಅಧ್ಯಯನದಿಂದ ಇದು ಹುಟ್ಟಿತು. ಗ್ರಾಂ ಜೊತೆಗಿರುವವರು ಎರ್ಹಾರ್ಡ್ ಶ್ಮಿಟ್, ಗಣಿತಜ್ಞ, ಇವತ್ತಿನ ಎಸ್ಟೋನಿಯಾದಲ್ಲಿ ಹುಟ್ಟಿದವರು. ನಾವು ಕಲಿಯುವ ಆ ವಿಧಾನ ಇರುವ ಅವರ ಲೇಖನ 1907ರದ್ದು. ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ಒಡೆಯದೆಯೇ ನೋಡುವ ರಿಬೌಂಡ್ ಹ್ಯಾಮರ್ ಮಾಡಿದ್ದು ಸ್ವಿಸ್ ಎಂಜಿನಿಯರ್ ಅರ್ನ್‌ಸ್ಟ್ ಶ್ಮಿಟ್, 1948ರಲ್ಲಿ. ದ್ರವದ ಸ್ನಿಗ್ಧತೆಗೂ ಡಿಫ್ಯೂಷನ್‌ಗೂ ಇರುವ ಅನುಪಾತಕ್ಕೆ ಹೆಸರು ಕೊಟ್ಟವರು ಜರ್ಮನಿಯ ಥರ್ಮೋಡೈನಮಿಕ್ಸ್ ಪ್ರೊಫೆಸರ್. ಅವರ ಹೆಸರೂ ಅರ್ನ್‌ಸ್ಟ್ ಶ್ಮಿಟ್! ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು.

ನಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನನಗೆ ತುಂಬ ಇಷ್ಟವಾದ ಇನ್ನೊಬ್ಬರಿದ್ದಾರೆ. ಬರ್ನ್‌ಹಾರ್ಡ್ ಶ್ಮಿಟ್. ಹದಿಹರೆಯದಲ್ಲಿ ಸಿಡಿಮದ್ದಿನ ಪ್ರಯೋಗ ಮಾಡಲು ಹೋಗಿ ಬಲಗೈ ಕಳೆದುಕೊಂಡರು. ಆಮೇಲೆ ಒಂದೇ ಕೈಯಲ್ಲಿ ಕನ್ನಡಿ, ಲೆನ್ಸ್‌ಗಳನ್ನು ಉಜ್ಜಿ ತಯಾರಿಸುವುದನ್ನೇ ವೃತ್ತಿ ಮಾಡಿಕೊಂಡರು. 1930ರಲ್ಲಿ ಆಕಾಶದ ದೊಡ್ಡ ಭಾಗವನ್ನು ಒಂದೇ ಸಲ ಸ್ಪಷ್ಟವಾಗಿ ಹಿಡಿಯುವ ಟೆಲಿಸ್ಕೋಪ್ ಕಟ್ಟಿದರು. ಬೇರೆ ನಕ್ಷತ್ರಗಳ ಸುತ್ತ ಗ್ರಹಗಳನ್ನು ಹುಡುಕಿದ ನಾಸಾದ ಕೆಪ್ಲರ್ ದೂರದರ್ಶಕದಲ್ಲಿದ್ದಿದ್ದು ಇದೇ ವಿನ್ಯಾಸ.

ಹೆಸರಿನ ಅರ್ಥ

ಶ್ಮಿಟ್ ಅಂದರೆ ಕಮ್ಮಾರ. ಅಷ್ಟೇ. ಇಂಗ್ಲಿಷ್‌ನ 'ಸ್ಮಿತ್' ಮತ್ತು ಜರ್ಮನ್‌ನ 'ಶ್ಮಿಟ್' ಒಂದೇ ಹಳೆಯ ಜರ್ಮಾನಿಕ್ ಪದದಿಂದ ಬಂದಿವೆ. ಆ ಮೂಲ ಪದಕ್ಕೆ ಬರೀ ಕಬ್ಬಿಣದ ಕೆಲಸ ಅಂತ ಅರ್ಥ ಇರಲಿಲ್ಲ. ಕೈಯಿಂದ ವಸ್ತು ಮಾಡುವವನು ಅನ್ನೋ ವಿಶಾಲ ಅರ್ಥವೂ ಇತ್ತು. ಹಳೆಯ ನಾರ್ಸ್ ಭಾಷೆಯಲ್ಲಿ ಮರಗೆಲಸ ಮಾಡುವವನಿಗೂ ಅದೇ ಪದ.

ಇಂಗ್ಲಿಷ್‌ನಲ್ಲಿ 'ಸ್' ಇದ್ದ ಕಡೆ ಜರ್ಮನ್‌ನಲ್ಲಿ 'ಶ್' ಯಾಕೆ? ಮಧ್ಯಯುಗದ ಕೊನೆಯಲ್ಲಿ ಜರ್ಮನ್‌ನಲ್ಲಿ ಪದದ ಮೊದಲಿಗೆ ಬರುವ 'ಸ್ಮ', 'ಸ್ನ', 'ಸ್ಲ', 'ಸ್ವ' ಎಲ್ಲ 'ಶ್ಮ', 'ಶ್ನ', 'ಶ್ಲ', 'ಶ್ವ' ಆದವು. ಇಂಗ್ಲಿಷ್‌ನ ಸ್ನೋ ಅಲ್ಲಿ 'ಶ್ನೇ', ಸ್ಲೀಪ್ ಅಲ್ಲಿ 'ಶ್ಲಾಫ್', ಸ್ವಿಮ್ ಅಲ್ಲಿ 'ಶ್ವಿಮ್ಮೆನ್'. ಅದೇ ಸಾಲಿನಲ್ಲಿ ಸ್ಮಿತ್ ಅಲ್ಲಿ ಶ್ಮಿಟ್.

ಆ ವಿಚಿತ್ರ 'ಡಿ-ಟಿ' ಎಲ್ಲಿಂದ ಬಂತು ಅನ್ನೋದು ಇನ್ನೂ ಮಜವಾಗಿದೆ. ಜರ್ಮನ್‌ನಲ್ಲಿ ಪದದ ಕೊನೆಗೆ 'ಡ' ಬಂದರೆ ಅದನ್ನು 'ಟ' ಅಂತ ಹೇಳುತ್ತಾರೆ. ನಾಯಿಗೆ 'ಹುಂಟ್' ಅಂತಾರೆ, ಆದರೆ ಬರೆಯುವುದು 'ಡಿ' ಹಾಕಿ. ನಾಯಿಗಳು ಅನ್ನುವಾಗ 'ಹುಂಡೆ', ಅಡಗಿದ್ದ 'ಡ' ಹೊರಗೆ ಬರತ್ತೆ. ಕಮ್ಮಾರನ ಪದಕ್ಕೂ ಹಾಗೇ. ಒಂಟಿಯಾಗಿ ಹೇಳಿದರೆ 'ಟ', ಪ್ರತ್ಯಯ ಸೇರಿದರೆ 'ಡ'. ಹಿಂದಿನ ಕಾಲದ ಗುಮಾಸ್ತರಿಗೆ ನಿಗದಿಯಾದ ಸ್ಪೆಲಿಂಗ್ ಇರಲಿಲ್ಲ. ಒಬ್ಬ 'ಡಿ' ಬರೆದ, ಇನ್ನೊಬ್ಬ ಕೇಳಿದ ಹಾಗೆ 'ಟಿ' ಬರೆದ, ಮತ್ತೊಬ್ಬ ಎರಡನ್ನೂ ಬರೆದ. ಇವತ್ತು ಜರ್ಮನ್ ನಿಘಂಟಿನಲ್ಲಿ ಕಮ್ಮಾರ ಅನ್ನೋ ಪದದ ಸ್ಪೆಲಿಂಗ್ ಬೇರೆ, ಉಚ್ಚಾರವೂ ದೀರ್ಘ, 'ಶ್ಮೀಟ್'. ಅಡ್ಡಹೆಸರುಗಳು ಮಾತ್ರ ಆ ಗುಮಾಸ್ತರು ಬರೆದ ಹಾಗೆಯೇ ಉಳಿದುಕೊಂಡವು.

ಇದರಿಂದ ಸ್ಪೆಲಿಂಗ್ ನೋಡಿದರೆ ಕುಟುಂಬ ಯಾವ ಸೀಮೆಯದ್ದು ಅಂತ ಸ್ವಲ್ಪ ಊಹಿಸಬಹುದು. ಬರೀ 'ಡಿ' ಇರೋದು ದಕ್ಷಿಣದ ಬವೇರಿಯಾ ಮತ್ತು ಸ್ವಿಟ್ಜರ್ಲೆಂಡ್ ಕಡೆ ಹೆಚ್ಚು. ಎರಡು 'ಟಿ' ಇರೋದು ಮೈನ್ ನದಿಯ ಆಸುಪಾಸಿನಲ್ಲಿ. ಕೊಲೋನ್ ನಗರದ ಸುತ್ತ 'ಶ್ಮಿಟ್ಸ್' ಅನ್ನೋ ಹೆಸರೇ ಎಲ್ಲೆಲ್ಲೂ. ಕೊನೆಯ 'ಸ್' ಅಂದರೆ ಷಷ್ಠಿ ವಿಭಕ್ತಿ, 'ಕಮ್ಮಾರನ' ಅಂತ. ನಮ್ಮ ಉತ್ತರ ಕರ್ನಾಟಕದಲ್ಲಿ 'ಮಡಿವಾಳರ' ಅನ್ನೋ ಅಡ್ಡಹೆಸರಲ್ಲಿ ಕೊನೆಗೆ 'ರ' ನಿಂತಿದೆಯಲ್ಲ, ಅದೇ ರೀತಿ.

ಯಾಕಿಷ್ಟು ಜನ?

ನನ್ನ ಮೊದಲ ಊಹೆ, ಆ ಕಾಲದಲ್ಲಿ ಕಮ್ಮಾರರು ತುಂಬ ಇದ್ದರು, ಅದಕ್ಕೇ ಹೆಸರು ತುಂಬ ಇದೆ ಅಂತ. ತಪ್ಪು. ಸ್ವಲ್ಪ ಯೋಚನೆ ಮಾಡಿ. ಒಂದು ಹಳ್ಳಿಯಲ್ಲಿ ಐವತ್ತು ಜನ ಬೇಸಾಯಗಾರರು ಇದ್ದರೆ, 'ಬೇಸಾಯಗಾರ ಹ್ಯಾನ್ಸ್' ಅಂದರೆ ಯಾರು ಅಂತ ಗೊತ್ತಾಗಲ್ಲ. ಕಮ್ಮಾರ ಒಬ್ಬನೇ ಇದ್ದ. ಆದ್ದರಿಂದ 'ಕಮ್ಮಾರ ಹ್ಯಾನ್ಸ್' ಅಂದ ಕೂಡಲೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಕಮ್ಮಾರರು ಕಡಿಮೆ ಇದ್ದರು ಅಂತಲೇ ಈ ಹೆಸರು ಕೆಲಸಕ್ಕೆ ಬಂತು. ಆದರೆ ಕಮ್ಮಾರನಿಲ್ಲದ ಊರು ಅಪರೂಪ. ಹಾಗಾಗಿ ಸಾವಿರಾರು ಊರುಗಳಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅದೇ ಹೆಸರು ಸ್ವತಂತ್ರವಾಗಿ ಹುಟ್ಟಿತು.

ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಇದು 192.168.1.1 ಇದ್ದ ಹಾಗೆ. ನಿಮ್ಮ ಮನೆ ರೂಟರ್‌ಗೂ ಅದೇ ವಿಳಾಸ, ಪಕ್ಕದ ಮನೆಯದಕ್ಕೂ ಅದೇ. ಮನೆಯೊಳಗೆ ಏನೂ ತೊಂದರೆ ಇಲ್ಲ. ಎರಡೂ ನೆಟ್‌ವರ್ಕ್ ಒಂದು ಮಾಡಿದಾಗ ಜಗಳ ಶುರು. ಜರ್ಮನ್ ನಾಡುಗಳಲ್ಲಿ ಸುಮಾರು 12ನೇ ಶತಮಾನದಿಂದ ಇಂಥ ಕರೆಯುವ ಹೆಸರುಗಳು ನಿಧಾನವಾಗಿ ತಂದೆಯಿಂದ ಮಕ್ಕಳಿಗೆ ಬರುವ ಅಡ್ಡಹೆಸರಾದವು. ಆಮೇಲೆ ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರು. ಎಲ್ಲ ಊರಿನ ಶ್ಮಿಟ್‌ಗಳೂ ಒಂದೇ ಬೀದಿಗೆ ಬಂದರು. ಎಂಜಿನಿಯರಿಂಗ್ ಪುಸ್ತಕದಲ್ಲಿ ಇಬ್ಬರು ಅರ್ನ್‌ಸ್ಟ್ ಶ್ಮಿಟ್ ಇರೋದೂ ಇದೇ ಕಾರಣಕ್ಕೆ. ಶ್ಮಿಟ್‌ಗಳ ಸಂಖ್ಯೆ ಒಂದು ದೊಡ್ಡ ವಂಶದ ಲೆಕ್ಕ ಅಲ್ಲ. ಹಿಂದೆ ಎಷ್ಟು ಊರಲ್ಲಿ ಕಮ್ಮಾರ ಇದ್ದ ಅನ್ನೋದರ ಗುರುತು ಅಷ್ಟೇ.

ಹಾಗೆ ನೋಡಿದರೆ ಜರ್ಮನಿಯ ಅತಿ ಸಾಮಾನ್ಯ ಹೆಸರುಗಳೆಲ್ಲ ಊರಿನ ಕಸುಬುಗಳೇ. ಮ್ಯುಲ್ಲರ್ ಹಿಟ್ಟಿನ ಗಿರಣಿಯವನು, ಶ್ನೈಡರ್ ದರ್ಜಿ, ಫಿಶರ್ ಮೀನುಗಾರ, ವೇಬರ್ ನೇಕಾರ. ಮ್ಯಾಗ್ನೆಟಿಕ್ ಫ್ಲಕ್ಸ್‌ನ ಅಳತೆ ಬರೆಯುವಾಗಲೆಲ್ಲ ನಾವು ಒಬ್ಬ ನೇಕಾರನ ಹೆಸರು ಬರೆಯುತ್ತಿದ್ದೇವೆ!

ಎಣಿಸುವುದು ಹೇಗೆ?

ಇವತ್ತು ಜರ್ಮನಿಯಲ್ಲಿ ಮೊದಲ ಸ್ಥಾನ ಮ್ಯುಲ್ಲರ್‌ಗೆ, ಎರಡನೆಯದು 'ಡಿ-ಟಿ' ಶ್ಮಿಟ್‌ಗೆ. ಆದರೆ ಇಲ್ಲೊಂದು ತಕರಾರು ಇದೆ. ಕಮ್ಮಾರನ ಹೆಸರು ನಾಲ್ಕೈದು ಸ್ಪೆಲಿಂಗ್‌ಗಳಲ್ಲಿ ಹಂಚಿಹೋಗಿದೆ, ಪ್ರತಿಯೊಂದನ್ನೂ ಬೇರೆ ಹೆಸರು ಅಂತ ಎಣಿಸುತ್ತಾರೆ. ಎಲ್ಲ ಶ್ಮಿಟ್, ಶ್ಮಿಟ್ಸ್‌ಗಳನ್ನೂ ಕೂಡಿಸಿದರೆ ಕಮ್ಮಾರನೇ ಗಿರಣಿಯವನನ್ನು ಹಿಂದೆ ಹಾಕುತ್ತಾನೆ. ಡೇಟಾ ಕ್ಲೀನಿಂಗ್ ಮಾಡಿದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು.

ಇದಕ್ಕೆ ಒಂದು ಹಳೆಯ ಅಲ್ಗಾರಿದಮ್ ಇದೆ, ಹೆಸರು ಸೌಂಡೆಕ್ಸ್. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಯಿತು. ಇದರ ನಿಯಮ ಸರಳ. ಮೊದಲ ಅಕ್ಷರ ಹಾಗೇ ಇಟ್ಟುಕೊಳ್ಳಿ. ಸ್ವರಗಳನ್ನೂ 'ಎಚ್', 'ಡಬ್ಲ್ಯೂ', 'ವೈ'ಗಳನ್ನೂ ಬಿಡಿ. ಉಳಿದ ಅಕ್ಷರಗಳಿಗೆ ಅಂಕೆ ಕೊಡಿ. 'ಸಿ', 'ಎಸ್', 'ಝಡ್' ಗುಂಪಿಗೆ 2, 'ಡಿ', 'ಟಿ'ಗೆ 3, 'ಎಂ', 'ಎನ್'ಗೆ 5, ಹೀಗೆ. ಪಕ್ಕಪಕ್ಕದಲ್ಲಿ ಒಂದೇ ಅಂಕೆ ಬಂದರೆ ಒಂದು ಸಲ ಮಾತ್ರ. ಮೂರು ಅಂಕೆ ಆಗದಿದ್ದರೆ ಸೊನ್ನೆ ತುಂಬಿ.

'ಎಸ್-ಸಿ-ಎಚ್-ಎಂ-ಐ-ಡಿ-ಟಿ' ತಗೊಳ್ಳಿ. ಮೊದಲು 'ಎಸ್'. 'ಸಿ' ಅದೇ ಗುಂಪು, ಬಿಡಿ. 'ಎಚ್' ಬಿಡಿ. 'ಎಂ'ಗೆ 5. 'ಐ' ಬಿಡಿ. 'ಡಿ'ಗೆ 3. 'ಟಿ'ಗೂ 3, ಬಿಡಿ. ಉತ್ತರ ಎಸ್-530. ಈಗ ಇಂಗ್ಲಿಷ್‌ನ ಸ್ಮಿತ್ ಹಾಕಿ ನೋಡಿ, ಅದೂ ಎಸ್-530. ಎರಡು 'ಟಿ' ಶ್ಮಿಟ್ ಕೂಡ ಎಸ್-530. ಶ್ಮಿಟ್ಸ್ ಮಾತ್ರ ಕೊನೆಯ 'ಝಡ್' ದೆಸೆಯಿಂದ ಎಸ್-532 ಆಗಿ ತಪ್ಪಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ಸ್ಮಿತ್ ಮೊದಲ ಸ್ಥಾನದಲ್ಲಿದೆ. 2010ರ ಜನಗಣತಿಯಲ್ಲಿ 24,42,977 ಸ್ಮಿತ್‌ಗಳು. ಇವರೆಲ್ಲ ಇಂಗ್ಲೆಂಡಿನ ಕಮ್ಮಾರರ ಮೊಮ್ಮಕ್ಕಳು ಅಂದುಕೊಂಡರೆ ಮತ್ತೆ ತಪ್ಪು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಹೆಸರು ಅಂದರೆ ಅನುಮಾನ ಪಡುವ ಕಾಲ ಬಂದಾಗ ಎಷ್ಟೋ ಶ್ಮಿಟ್‌ಗಳು ಸ್ಮಿತ್ ಆದರು. ಇನ್ನು ಅಮೆರಿಕದ ಸ್ಮಿತ್‌ಗಳಲ್ಲಿ ನೂರಕ್ಕೆ ಸುಮಾರು 23 ಜನ ಕಪ್ಪು ಜನಾಂಗದವರು. ಗುಲಾಮಗಿರಿಯ ಇತಿಹಾಸ ಆ ಹೆಸರಿನೊಳಗೆ ಸೇರಿಕೊಂಡಿದೆ. ಹೆಸರು ನೋಡಿ ಮೂಲ ಹೇಳುವುದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗತ್ತೆ.

ನಮ್ಮ ಕಮ್ಮಾರ

ಬೇರೆ ಭಾಷೆಗಳಲ್ಲೂ ಕಮ್ಮಾರ ಹೀಗೇ ಹರಡಿದ್ದಾನೆ. ಹಂಗೇರಿಯ ಕೊವಾಚ್, ರಷ್ಯಾದ ಕುಜ್ನೆತ್ಸೋವ್, ಅರಬ್ ನಾಡುಗಳ ಹದ್ದಾದ್, ಎಲ್ಲವೂ ಕಮ್ಮಾರನೇ. ನಾವು ಹಾಸ್ಟೆಲ್ ಗೋಡೆಗೆ ಪೋಸ್ಟರ್ ಅಂಟಿಸಿಕೊಳ್ಳುವ ಫೆರಾರಿ ಕೂಡ ಇಟಲಿಯಲ್ಲಿ ಬಹಳ ಸಾಮಾನ್ಯವಾದ ಕಮ್ಮಾರನ ಹೆಸರು.

ನನ್ನ ರೂಂಮೇಟ್‌ನ ಅಡ್ಡಹೆಸರು ಕಮ್ಮಾರ, ಬಾಗಲಕೋಟೆ ಕಡೆಯವನು. ಇದನ್ನೆಲ್ಲ ಹೇಳಿದಾಗ ಜೋರಾಗಿ ನಕ್ಕ. "ಹಂಗಾದ್ರ ಅದು ಕಮ್ಮಾರ ಟ್ರಿಗರ್ ಆತಲ್ಲೋ! ರೆಕಾರ್ಡ್‌ನ್ಯಾಗ ಹಂಗ ಬರಿ." ಆಮೇಲೆ ಅವನ ಅಜ್ಜನ ಕುಲುಮೆಯ ಬಗ್ಗೆ ಹೇಳಿದ. ತಿದಿ, ಅಡಿಗಲ್ಲು ಅನ್ನೋ ಪದಗಳನ್ನು ನಾನು ಕೇಳಿದ್ದೇ ಅವತ್ತು. ಅಜ್ಜ ಊರಿಗೆಲ್ಲ ಕುಡುಗೋಲು, ನೇಗಿಲಿನ ಕುಡ ಮಾಡಿಕೊಡುತ್ತಿದ್ದರಂತೆ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವರಿಗೆ ಜೋಳ ಬರುತ್ತಿತ್ತಂತೆ. ಇದಕ್ಕೆ ಆಯ ಅಂತಾರೆ. ಊರಿಗೊಬ್ಬ ಕಮ್ಮಾರ, ಅದೇ ಕಥೆ. ಕನ್ನಡದ 'ಕಮ್ಮಾರ' ಬಂದಿದ್ದು ಸಂಸ್ಕೃತದ 'ಕರ್ಮಾರ'ದಿಂದ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ 'ಕಂಬಾರ' ಕೂಡ ಇದರದ್ದೇ ಇನ್ನೊಂದು ರೂಪ. ಅಂದರೆ ನಮ್ಮಲ್ಲೂ ಸ್ಪೆಲಿಂಗ್ ಎರಡಾಗಿದೆ.

ನಗು ಮುಗಿದ ಮೇಲೆ ಅವನು ಇನ್ನೊಂದು ಮಾತು ಹೇಳಿದ. ಫಸ್ಟ್ ಇಯರ್‌ನಲ್ಲಿ ಪರಿಚಯ ಮಾಡಿಕೊಳ್ಳುವಾಗ ಪೂರ್ತಿ ಹೆಸರು ಹೇಳಿದರೆ ಕೆಲವರು ಮುಂದಿನ ಪ್ರಶ್ನೆ ಕೇಳುತ್ತಿದ್ದರಂತೆ, "ಕಮ್ಮಾರ ಅಂದ್ರೆ ಯಾವ ಜನ?" ಅಂತ. ಆಮೇಲಿಂದ ಅವನು ಬರೀ 'ಕೆ' ಅಂತ ಇನಿಷಿಯಲ್ ಹೇಳಲು ಶುರು ಮಾಡಿದ. ರೆಸ್ಯೂಮೆಯಲ್ಲಿ ಏನು ಹಾಕೋದು ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಇದು ನನ್ನ ತಲೆಯಲ್ಲೇ ಉಳೀತು. 1974ರಿಂದ 1982ರವರೆಗೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದವರು ಹೆಲ್ಮುಟ್ ಶ್ಮಿಟ್. ಶ್ಮಿಟ್ ಅನ್ನೋ ಹೆಸರು ಕೇಳಿ ಅಲ್ಲಿ ಯಾರೂ "ನೀವು ಯಾವ ಜನ?" ಅಂತ ಕೇಳಲ್ಲ. ಹಾಗಂತ ಜರ್ಮನಿಯಲ್ಲಿ ಹೆಸರಿಂದ ಯಾರಿಗೂ ಕಷ್ಟ ಆಗಿಲ್ಲ ಅಂತಲ್ಲ. 1938ರಲ್ಲಿ ನಾಜಿ ಸರ್ಕಾರ ಯಹೂದಿಗಳನ್ನು ಗುರುತು ಹಿಡಿಯುವುದಕ್ಕೆ ಅವರ ಹೆಸರಿನ ಜೊತೆ 'ಇಸ್ರೇಲ್', 'ಸಾರಾ' ಅಂತ ಕಡ್ಡಾಯವಾಗಿ ಸೇರಿಸಬೇಕು ಎಂದು ಆದೇಶ ಮಾಡಿತ್ತು. ಆದರೆ ಕಮ್ಮಾರನ ಹೆಸರು ಅಲ್ಲಿ ಕಸುಬನ್ನು ಬಿಟ್ಟು ಬರೀ ಹೆಸರಾಗಿದೆ. ನಮ್ಮಲ್ಲಿ ಕುಲುಮೆ ಆರಿ ಎರಡು ತಲೆಮಾರು ಆದರೂ ಹೆಸರು ಕೇಳಿ ಜಾತಿ ಲೆಕ್ಕ ಹಾಕೋದು ನಿಂತಿಲ್ಲ.

ರೂಂಮೇಟ್ ಪೂರ್ತಿ ಹೆಸರು ಬರೀಬೇಕೋ ಬೇಡವೋ ಅನ್ನೋದು ಅವನಿಗೆ ಬಿಟ್ಟಿದ್ದು. ಆ ಮುಂದಿನ ಪ್ರಶ್ನೆ ಕೇಳದೇ ಇರೋದು ಮಾತ್ರ ನಮಗೆ ಬಿಟ್ಟಿದ್ದು.

ನಮ್ಮ ಪದಪಟ್ಟಿಯಲ್ಲಿ 'ಶ್ಮಿಟ್ ಟ್ರಿಗರ್' ಪಕ್ಕದಲ್ಲಿ ಆವರಣದೊಳಗೆ 'ಶ್ಮಿಟ್ = ಕಮ್ಮಾರ' ಅಂತ ಸೇರಿಸಿದ್ದೇವೆ, ಅವನ ಒಪ್ಪಿಗೆ ತಗೊಂಡು. ನಿಮ್ಮ ಬ್ರಾಂಚ್‌ನ ಪಠ್ಯದಲ್ಲಿ ಇಂಥ ಹೆಸರುಗಳು ಸಿಕ್ಕಿದರೆ ಬಳಗಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಗೈಗರ್-ಮ್ಯುಲ್ಲರ್ ಕೌಂಟರ್ ನನ್ನ ಕೈಯಲ್ಲಿದೆ. ಅದರ ಅರ್ಥ ಈಗಲೇ ಹೇಳಿಬಿಡ್ತೀನಿ, ಪಿಟೀಲಿನವನು ಮತ್ತು ಗಿರಣಿಯವನು!